‘ಈ ವಯಸ್ಸಲ್ಲಿ ಆಪರೇಷನ್ ಯಾಕೆ?’

80ರ ಅಜ್ಜಿ ಜಾರಿಬಿದ್ದು ಸೊಂಟದ ಮೂಳೆ ಮುರಿದರೆ ಫ್ಯಾಮಿಲಿ ವಾಟ್ಸಾಪ್ ಗ್ರೂಪಲ್ಲಿ ಮೊದಲ ಮಾತೇ ಇದು: “ಆಪರೇಷನ್ ತಡ್ಕೊಳ್ತಾರಾ? ಪುತ್ತೂರು ಕಟ್ಟು ಹಾಕ್ಸಿ, ಮಲಗಿರ್ಲಿ.”

ನನಗೆ ಸಿಟ್ಟು ಬರೋದು ಇಲ್ಲೇ. ಮಲಗಿರೋದನ್ನ ತಡ್ಕೊಳ್ತಾರಾ ಅಂತ ಯಾರೂ ಕೇಳಲ್ಲ. ಬೆನ್ನುಹುಣ್ಣು, ನ್ಯುಮೋನಿಯಾ, ಕಾಲಲ್ಲಿ ಹೆಪ್ಪುಗಟ್ಟೋ ರಕ್ತ, ಇವೆಲ್ಲ ಹಾಸಿಗೆಯ ಕೊಡುಗೆ. ಮುರಿದಿರೋದು ತೊಡೆಮೂಳೆಯ ಕುತ್ತಿಗೆಯಾದರೆ ಕೀಲೊಳಗಿನ ತುದಿಗೆ ರಕ್ತವೇ ನಿಲ್ಲಬಹುದು. ಹೊರಗಿನ ಕಟ್ಟು ಅಲ್ಲೇನು ಮಾಡುತ್ತೆ?

ಬ್ರಿಟನ್ನಿನ ‘ನೈಸ್’ ಮಾರ್ಗಸೂಚಿ ಪ್ರಕಾರ ಆಸ್ಪತ್ರೆಗೆ ಬಂದ ದಿನ ಅಥವಾ ಮರುದಿನವೇ ಸರ್ಜರಿ, ಅದರ ಮಾರನೇ ದಿನ ಎಬ್ಬಿಸಿ ಓಡಾಡಿಸೋದು. ಅಪಾಯ ಇಲ್ವಾ? ಇದೆ. ಹೃದಯ, ಶುಗರ್ ನೋಡ್ಕೊಂಡೇ ಮಾಡ್ತಾರೆ. ಆದರೆ ಅಮೆರಿಕದ ಮಗ ಬರೋವರೆಗೂ ಕಾಯೋಣ ಅನ್ನೋದು ಯಾವ ವೈದ್ಯಶಾಸ್ತ್ರ ಸ್ವಾಮಿ? ಅಜ್ಜಿಗೆ ಎಚ್ಚರ ಇದೆಯಲ್ಲ, ಅವರನ್ನೇ ಕೇಳಿ.