ಮನೆಯ ಶುಶ್ರೂಷೆಯ ಲೆಕ್ಕ

ಆಸ್ಪತ್ರೆಯ ಲೆಕ್ಕ ಒಂದು ದಿನ ಮುಗಿಯುತ್ತದೆ. ಮನೆಯ ಶುಶ್ರೂಷೆಯ ಲೆಕ್ಕ ದಿನದಿನವೂ ಬೆಳೆಯುತ್ತದೆ. ಆದುದರಿಂದ ರೋಗಿಗೆ ಬೇಕಾದುದೇನೆಂಬುದನ್ನು ಮೊದಲು ವೈದ್ಯರಿಂದ ಬರೆಸಿಕೊಳ್ಳುವುದು ವಿವೇಕ.

ಗಾಯಕ್ಕೆ ಪಟ್ಟಿ ಕಟ್ಟಲು, ಚುಚ್ಚುಮದ್ದು ಕೊಡಲು ದಾದಿ ದಿನಕ್ಕೊಮ್ಮೆ ಬಂದುಹೋದರೆ ಸಾಕು. ಪಾರ್ಶ್ವವಾಯು ಪೀಡಿತರಿಗೆ ವ್ಯಾಯಾಮ ಮಾಡಿಸುವವರಿಗೂ ಭೇಟಿಯ ಲೆಕ್ಕದಲ್ಲೇ ಸಂಭಾವನೆ. ಸ್ನಾನ, ಊಟಗಳಿಗೆ ಪಳಗಿದ ಆಯಾ ಸಾಕು. ಅಲ್ಲಿ ತರಬೇತಾದ ದಾದಿಯನ್ನಿರಿಸುವುದು ದುಂದು. ಆದರೆ ಕೃತಕ ಉಸಿರಾಟದ ರೋಗಿಯನ್ನು ಆಯಾಳಿಗೆ ಒಪ್ಪಿಸುವುದು ಉಳಿತಾಯವಲ್ಲ, ಅಪಾಯ. ಹಗಲಿರುಳೂ ನೆರವು ಬೇಕಾದಲ್ಲಿ ಎರಡು ಪಾಳಿ, ಎರಡು ಸಂಬಳ.

ಕೇಂದ್ರ ಸರ್ಕಾರವು 2024ರಲ್ಲಿ 70 ವರ್ಷ ದಾಟಿದವರಿಗೂ ವಿಸ್ತರಿಸಿದ ಆಯುಷ್ಮಾನ್ ಭಾರತದ 5 ಲಕ್ಷ ರೂಪಾಯಿಯ ರಕ್ಷಣೆ ಆಸ್ಪತ್ರೆಯ ಚಿಕಿತ್ಸೆಗೆ, ಆಯಾಳ ಸಂಬಳಕ್ಕಲ್ಲ.

ಹಾಸಿಗೆ ಹುಣ್ಣಾಗದಂತೆ ಎರಡು ಗಂಟೆಗೊಮ್ಮೆ ರೋಗಿಯ ಮಗ್ಗುಲು ಬದಲಿಸಬೇಕು. ಸೊಸೆಯೇ ಇರುಳೆಲ್ಲ ಎದ್ದರೆ ಒಂದು ಸಂಬಳವೇನೋ ಉಳಿದೀತು. ಅವಳು ಕಳೆದುಕೊಂಡ ನಿದ್ದೆಯನ್ನು ಮನೆಯ ಯಜಮಾನರು ಯಾವ ಖಾತೆಯಲ್ಲಿ ಬರೆಯುತ್ತಾರೆ?