ಕೋಳಿ ಕೂಗಿದಾಗ ಏಳದವರೆಲ್ಲ ಸೋಮಾರಿಗಳೇ?

ನಿಮ್ಮ ಮನೆಯಲ್ಲೂ ಇಂಥ ಇಬ್ಬರು ಇರಬಹುದು. ಒಬ್ಬರು ರಾತ್ರಿ ಒಂಬತ್ತಕ್ಕೆ ಊಟ ಮುಗಿಯುತ್ತಲೇ ಮಲಗಿ, ನಸುಕಿನ ನಾಲ್ಕಕ್ಕೆ ತಾವಾಗಿಯೇ ಎದ್ದು ಕೂರುವವರು. ಇನ್ನೊಬ್ಬರು ಹನ್ನೆರಡಾದರೂ ಕಣ್ಣು ಮುಚ್ಚದೆ, ಬೆಳಿಗ್ಗೆ ಏಳಾದರೂ ಹೊದಿಕೆ ಬಿಡದವರು. ಮೊದಲನೆಯವರಿಗೆ ಊರ ಮೆಚ್ಚುಗೆ, ಎರಡನೆಯವರಿಗೆ ಕುಂಭಕರ್ಣನೆಂಬ ಬಿರುದು. ಇಬ್ಬರೂ ಮಲಗಿದ್ದು ಏಳೇ ಗಂಟೆ ಎಂಬ ಲೆಕ್ಕವನ್ನು ಮಾತ್ರ ಯಾರೂ ಹಾಕುವುದಿಲ್ಲ.

ನಿದ್ರೆಯ ಹೊತ್ತನ್ನು ಬಹುಮಟ್ಟಿಗೆ ನಿರ್ಧರಿಸುವುದು ನಮ್ಮೊಳಗಿನ ಜೈವಿಕ ಗಡಿಯಾರ. ಮೆದುಳಿನ ತಳಭಾಗದಲ್ಲಿ, ಎರಡು ಕಣ್ಣಿನ ನರಗಳು ಸಂಧಿಸುವ ಜಾಗದ ಮೇಲೆ, ಸುಮಾರು 20 ಸಾವಿರ ನರಕೋಶಗಳ ಪುಟ್ಟ ಗುಂಪೊಂದಿದೆ. ಮೈಯ ಶಾಖ, ಹಸಿವು, ಎಚ್ಚರ, ನಿದ್ರೆ ಇವೆಲ್ಲದರ ವೇಳಾಪಟ್ಟಿ ಅಲ್ಲಿಯದು. ಈ ಗಡಿಯಾರದ ದಿನ ಸರಾಸರಿ 24 ಗಂಟೆಗಿಂತ ಕೆಲವು ನಿಮಿಷ ಹೆಚ್ಚು. ಅದನ್ನು ದಿನಾಲೂ ಸರಿಹೊಂದಿಸುವುದು ಸೂರ್ಯನ ಬೆಳಕು. ಕೆಲವರ ಗಡಿಯಾರ ತುಸು ಮುಂದೆ, ಕೆಲವರದು ತುಸು ಹಿಂದೆ. ಇದರಲ್ಲಿ ವಂಶವಾಹಿಗಳ ಪಾಲು ದೊಡ್ಡದು. ಹಣ್ಣಿನ ನೊಣಗಳಲ್ಲಿ ಈ ಗಡಿಯಾರದ ಒಳಗುಟ್ಟನ್ನು ಬಿಡಿಸಿದ ಮೂವರು ಅಮೆರಿಕನ್ ವಿಜ್ಞಾನಿಗಳಿಗೆ 2017ರಲ್ಲಿ ನೊಬೆಲ್ ಬಂತು. ನಮ್ಮ ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ, ಕೋಶದಿಂದ ಮುಂಜಾನೆ ಹೊರಬರುವ ನೊಣಗಳನ್ನೂ ಸಂಜೆ ಹೊರಬರುವ ನೊಣಗಳನ್ನೂ ಬೇರೆಬೇರೆಯಾಗಿ ತಲೆಮಾರುಗಟ್ಟಲೆ ಸಾಕಿದಾಗ, ಎರಡು ಪ್ರತ್ಯೇಕ ಬಗೆಯ ಸಂತತಿಗಳೇ ಬೆಳೆದವು. ನೊಣವನ್ನು ಸೋಮಾರಿ ಎಂದು ಬೈಯುವವರು ಯಾರೂ ಇಲ್ಲವಷ್ಟೆ!

ವಯಸ್ಸೂ ಈ ಗಡಿಯಾರವನ್ನು ತಿರುಗಿಸುತ್ತದೆ. ಚಿಕ್ಕ ಮಕ್ಕಳು ಬೇಗ ಏಳುತ್ತಾರೆ. ಹರೆಯ ಬಂದಂತೆ ನಿದ್ರೆಗೆ ಸೂಚನೆ ಕೊಡುವ ಮೆಲಟೋನಿನ್ ಹಾರ್ಮೋನು ರಾತ್ರಿ ತಡವಾಗಿ ಏರತೊಡಗುತ್ತದೆ. ಇಪ್ಪತ್ತರ ಆಸುಪಾಸಿನಲ್ಲಿ ಇದು ತುದಿ ಮುಟ್ಟಿ, ಮುಂದೆ ಮೆಲ್ಲನೆ ಹಿಂದೆ ಸರಿಯುತ್ತದೆ. ಮೊಮ್ಮಗ ಮಲಗುವ ಹೊತ್ತಿಗೆ ಅಜ್ಜ ಏಳುವುದು ಇದರಿಂದಲೇ.

ಇದೊಂದು ದೋಷವೆಂದು ತಿಳಿಯಬೇಕಿಲ್ಲ. ಟಾಂಜಾನಿಯಾದ ಹಡ್ಜಾ ಎಂಬ ಬೇಟೆಗಾರ ಜನರಲ್ಲಿ 33 ಮಂದಿಯ ನಿದ್ರೆಯನ್ನು 20 ದಿನ ಅಳೆದ ಅಧ್ಯಯನವೊಂದು 2017ರಲ್ಲಿ ಪ್ರಕಟವಾಯಿತು. ಅಷ್ಟೂ ಮಂದಿ ಒಟ್ಟಿಗೆ ನಿದ್ರಿಸಿದ್ದು ಒಟ್ಟು 18 ನಿಮಿಷ ಮಾತ್ರ! ಉಳಿದಂತೆ ಯಾರಾದರೊಬ್ಬರು ಎಚ್ಚರವಿದ್ದೇ ಇದ್ದರು. ಇಂಡಿ ತಾಲ್ಲೂಕಿನ ಲಚ್ಯಾಣದ ಕಡೆಯ ಒಕ್ಕಲಿಗರಿಗೆ ಇದರ ಬೆಲೆ ತಿಳಿಯುತ್ತದೆ. ಹಿಂಗಾರಿ ಜೋಳ ಕಾಯಬೇಕು. ಕರೆಂಟು ರಾತ್ರಿ ಪಾಳಿಗೆ ಬಂದರೆ ಕಬ್ಬಿಗೋ ಲಿಂಬೆ ಗಿಡಕ್ಕೋ ಆಗಲೇ ನೀರು ಹಾಯಿಸಬೇಕು. ಹನ್ನೆರಡರವರೆಗೆ ಹುಡುಗ, ಮೂರರ ಮೇಲೆ ಅಜ್ಜ ಎಂದು ಪಾಳಿ ಹಂಚಿಕೊಂಡ ಮನೆ ಜಾಣರ ಮನೆ.

ಈಗ ಎಸ್ಸೆಸ್ಸೆಲ್ಸಿ ಮಕ್ಕಳ ಮಾತು. ಪರೀಕ್ಷೆ ಹತ್ತಿರ ಬಂತೆಂದರೆ ‘ಬ್ರಾಹ್ಮೀ ಮುಹೂರ್ತದಲ್ಲಿ ಓದಿದ್ದು ತಲೆಯಲ್ಲಿ ಉಳಿಯುತ್ತದೆ’ ಎಂದು ನಾಲ್ಕಕ್ಕೇ ಎಬ್ಬಿಸುವ ತಂದೆತಾಯಿಗಳು ಬಹಳ. ಆದರೆ ಆ ಮುಹೂರ್ತವನ್ನು ಎಣಿಸುವುದು ಸೂರ್ಯೋದಯದಿಂದ ಹಿಂದಕ್ಕೆ, 96 ನಿಮಿಷ. ನಮ್ಮ ಗೋಡೆ ಗಡಿಯಾರ ನಡೆಯುವುದು ನಮಗಿಂತ ಪೂರ್ವಕ್ಕಿರುವ 82.5 ಡಿಗ್ರಿ ರೇಖಾಂಶದ ಲೆಕ್ಕದಲ್ಲಿ. ಇಂಡಿ ಸೀಮೆ ಇರುವುದು 76 ಡಿಗ್ರಿಯ ಸಮೀಪ. ಹಾಗಾಗಿ ಇಲ್ಲಿ ಸೂರ್ಯ ಆ ಲೆಕ್ಕಕ್ಕಿಂತ ಸುಮಾರು 26 ನಿಮಿಷ ತಡ. ಮಾರ್ಚ್ ಮೂರನೆಯ ವಾರದಲ್ಲಿ ಸೂರ್ಯ ಹುಟ್ಟುವುದೇ ಆರೂವರೆಗೆ. ಬ್ರಾಹ್ಮೀ ಮುಹೂರ್ತ ಶುರುವಾಗುವುದು ಐದರ ಸುಮಾರಿಗೆ. ನಾಲ್ಕಕ್ಕೆ ಎಬ್ಬಿಸುವುದಕ್ಕೆ ಶಾಸ್ತ್ರದ ಆಧಾರವೂ ಇಲ್ಲ, ವಿಜ್ಞಾನದ ಆಧಾರವೂ ಇಲ್ಲ. ಹರೆಯದ ಮಕ್ಕಳಿಗೆ 8ರಿಂದ 10 ಗಂಟೆ ನಿದ್ರೆ ಬೇಕು. ಓದಿದ್ದು ನೆನಪಿನಲ್ಲಿ ಬೇರೂರುವುದು ಆ ನಿದ್ರೆಯಲ್ಲೇ. ಹನ್ನೊಂದಕ್ಕೆ ನಿದ್ರೆ ಬರುವ ಹುಡುಗನನ್ನು ನಾಲ್ಕಕ್ಕೆ ಎಬ್ಬಿಸಿದರೆ ಅವನು ಪುಸ್ತಕದ ಮುಂದೆ ಕೂತಿರುತ್ತಾನೆ, ಅಷ್ಟೆ.

ಮಗನ ಮಾತು ಸರಿ, ಮನೆಯ ಸೊಸೆಯ ಗತಿಯೇನು? ಎಲ್ಲರಿಗಿಂತ ಕಡೆಗೆ ಮಲಗಿ, ಎಲ್ಲರಿಗಿಂತ ಮೊದಲು ಎದ್ದು ಅಂಗಳ ಗುಡಿಸಿ, ನೀರು ಚಿಮುಕಿಸಿ, ರೊಟ್ಟಿ ಬಡಿಯುವವಳು ಅವಳು. ಅವಳದು ಮುಂಜಾವಿನ ದೇಹವೋ ಇರುಳಿನ ದೇಹವೋ ಎಂದು ಯಾರೂ ಕೇಳಿಲ್ಲ. ಗಂಡನಿಗೆ ಸಿಗುವ ‘ಅವನ ಪ್ರಕೃತಿಯೇ ಹಾಗೆ’ ಎಂಬ ರಿಯಾಯಿತಿ ಅವಳಿಗೂ ಸಿಗಬೇಡವೇ? ಅತ್ತೆಯವರು ಹೇಗೂ ನಾಲ್ಕಕ್ಕೇ ಏಳುವವರಾದರೆ ಮುಂಜಾನೆಯ ಚಹಾ, ಅಂಗಳ ಅವರದಾಗಲಿ. ರಾತ್ರಿಯ ಮುಸುರೆ ಸೊಸೆಯದಾಗಲಿ. ಖಡಕ್ ರೊಟ್ಟಿಯಂತೂ ದಿನಗಟ್ಟಲೆ ಕೆಡದು, ಸಂಜೆ ಬಡಿದಿಟ್ಟರೂ ನಡೆಯುತ್ತದೆ.

ನಿಮ್ಮ ದೇಹ ಯಾವ ಬಗೆಯದೆಂದು ತಿಳಿಯಲು ಯಂತ್ರ ಬೇಕಿಲ್ಲ. ರಜೆ ಸಿಕ್ಕಾಗ ಅಲಾರಂ ಇಡದೆ ಮಲಗಿ. ಮೊದಲ ಮೂರ್ನಾಲ್ಕು ದಿನ ಹಳೆಯ ನಿದ್ರೆಯ ಸಾಲ ತೀರುವುದರಲ್ಲಿ ಹೋಗುತ್ತದೆ, ಬಿಟ್ಟುಬಿಡಿ. ಅನಂತರದ ಒಂದು ವಾರ ನಿದ್ರೆ ಬಂದ ಹೊತ್ತು, ಎಚ್ಚರವಾದ ಹೊತ್ತು ಬರೆದು, ನಡುವಿನ ವೇಳೆ ನೋಡಿ. ಅದು ರಾತ್ರಿ ಎರಡರ ಸುಮಾರಿಗೆ ಬಿದ್ದರೆ ನೀವು ಮುಂಜಾವಿನವರು, ಐದರ ಮೇಲಾದರೆ ಇರುಳಿನವರು. ಹೆಚ್ಚಿನವರು ನಡುವೆ ಎಲ್ಲೋ ಇರುತ್ತಾರೆ. (ಎತ್ತಿಗೆ ಸೋಮವಾರ ರಜೆ ಕೊಡುವ ನಮ್ಮ ರೈತನಿಗೆ ತನಗೊಂದು ರಜೆಯಿಲ್ಲ. ಅವನು ಬೇಸಿಗೆಯ ಬಿಡುವಿನಲ್ಲಿ ನೋಡಿಕೊಳ್ಳಬೇಕು.)

ಹಾಗೆಂದು ‘ನಾನು ಇರುಳಿನವ’ ಎಂದು ಎರಡರವರೆಗೆ ಮೊಬೈಲ್ ಹಿಡಿದು ಕೂರುವುದಕ್ಕೆ ಇದು ಪರವಾನಗಿಯಲ್ಲ. ಅಮೆರಿಕದ ಕೊಲರಾಡೊದಲ್ಲಿ ಕೆಲವರನ್ನು ವಿದ್ಯುತ್ ದೀಪವಿಲ್ಲದೆ ಒಂದು ವಾರ ಬಯಲಿನಲ್ಲಿ ಇರಿಸಿದಾಗ ಅವರ ಒಳಗಡಿಯಾರ ಸುಮಾರು ಎರಡು ಗಂಟೆ ಮುಂಚಿತವಾಯಿತೆಂದು 2013ರಲ್ಲಿ ವರದಿಯಾಗಿದೆ. ಎಂದರೆ ಪ್ರಕೃತಿಯ ಮೇಲೆ ದೀಪದ ಹೊರೆಯೂ ಬಿದ್ದಿರುತ್ತದೆ. ಎದ್ದ ಕೂಡಲೇ ಅರ್ಧ ಗಂಟೆ ಹೊರಗಿನ ಬೆಳಕಿನಲ್ಲಿರಿ. ಸಂಜೆಯ ಮೇಲೆ ಚಹಾ ಬೇಡ. ಊಟದ ನಂತರ ದೀಪ ಮಂದವಾಗಿರಲಿ. ಏಳುವ ಹೊತ್ತನ್ನು ದಿನಕ್ಕೆ ಕಾಲು ಗಂಟೆಯಂತೆ ಹಿಂದೆ ತನ್ನಿ. ಒಂದೇ ಸಲ ಎರಡು ಗಂಟೆ ಬದಲಿಸಲು ಹೋದವರು ಮೂರನೆಯ ದಿನ ಕೈಬಿಡುತ್ತಾರೆ.

ಏಳೆಂಟು ಗಂಟೆ ಮಲಗಿದರೂ ಹಗಲಿಡೀ ತೂಕಡಿಕೆ, ಜೋರು ಗೊರಕೆ, ನಿದ್ರೆಯಲ್ಲಿ ಉಸಿರು ಕಟ್ಟಿದಂತಾಗುವುದು ಇದ್ದರೆ ಅದು ಗಡಿಯಾರದ ವಿಷಯವಲ್ಲ. ಅಂಥವರು ಬೈಕು, ಟ್ರ್ಯಾಕ್ಟರ್ ಓಡಿಸುವುದನ್ನು ನಿಲ್ಲಿಸಿ, ತಡಮಾಡದೆ ವೈದ್ಯರಿಗೆ ತೋರಿಸಿಕೊಳ್ಳಬೇಕು.