ಇಸ್ತ್ರಿ ಪೆಟ್ಟಿಗೆ ಕೊಳ್ಳುವ ಮುನ್ನ

ಕಳೆದ ಶನಿವಾರ ಬೆಳಿಗ್ಗೆ ನಮ್ಮ ಮನೆಯಲ್ಲಿ ದೊಡ್ಡ ರಂಪ. ಏಳನೇ ತರಗತಿ ಓದುವ ಮೊಮ್ಮಗಳು ಪುಟ್ಟಿಯ ಬಿಳಿ ಯೂನಿಫಾರಂ ಮೇಲೆ ದೋಣಿಯ ಆಕಾರದ ಕಂದು ಗುರುತು ಬಿದ್ದಿತ್ತು. ನಮ್ಮ ಹಳೆಯ ಇಸ್ತ್ರಿ ಪೆಟ್ಟಿಗೆಯ ಗುಂಡಿಯನ್ನು ಎಷ್ಟು ತಿರುಗಿಸಿದರೂ ಬಿಸಿ ಇಳಿಯುತ್ತಿರಲಿಲ್ಲ. "ತಾತ, ನಾನಿವತ್ತು ಸ್ಕೂಲಿಗೆ ಹೋಗಲ್ಲ" ಎಂದು ಮೂಲೆ ಹಿಡಿದಳು. ಬೇರೆ ದಿನದ ಬಟ್ಟೆ ಹಾಕಿಸಿ, ಡೈರಿಯಲ್ಲಿ ಟೀಚರಿಗೆ ಎರಡು ಸಾಲು ಬರೆದು ಕಳಿಸಿದ್ದಾಯಿತು. ಸಂಜೆ ನಾನು, ನನ್ನ ಹೆಂಡತಿ, ಪುಟ್ಟಿ ಮೂವರೂ ಅಂಗಡಿಗೆ ಹೊರಟೆವು.

ಮಕ್ಕಳೇ, ನಾನು ನಿಮ್ಮ ವಯಸ್ಸಿನಲ್ಲಿದ್ದಾಗ ಇಸ್ತ್ರಿ ಅಂದರೆ ಹಿತ್ತಾಳೆ ಚೊಂಬು. ಒಲೆಯ ಕೆಂಡವನ್ನು ಚೊಂಬಿಗೆ ಹಾಕಿ, ಇಕ್ಕಳದಲ್ಲಿ ಹಿಡಿದು ಅಂಗಿಯ ಮೇಲೆ ಉಜ್ಜುತ್ತಿದ್ದೆವು. ಕೆಂಡ ಇಲ್ಲದ ದಿನ ಬಟ್ಟೆಯನ್ನು ಮಡಚಿ ಹಾಸಿಗೆಯ ಕೆಳಗಿಟ್ಟು ಮಲಗಿದರೆ ಆಯಿತು. ಆದರೆ ಅಮೆರಿಕದ ಹೆನ್ರಿ ಸೀಲಿ ಎಂಬಾತ 1882ರಷ್ಟು ಹಿಂದೆಯೇ ವಿದ್ಯುತ್ ಇಸ್ತ್ರಿ ಪೆಟ್ಟಿಗೆಗೆ ಪೇಟೆಂಟ್ ಪಡೆದಿದ್ದ. ಅದು ನಮ್ಮ ಮನೆಯವರೆಗೆ ಬರಲು ಸುಮಾರು ನೂರು ವರ್ಷ ಹಿಡಿಯಿತು!

ಅಂಗಡಿಯ ಹುಡುಗ ಆರು ಪೆಟ್ಟಿಗೆಗಳನ್ನು ಸಾಲಾಗಿ ಇಟ್ಟ. "ಸಾರ್, ಇದು 2000 ವ್ಯಾಟ್, ಸ್ಟೀಮ್ ಇದೆ, ಚಿಟಿಕೆ ಹೊಡೆಯೋದ್ರಲ್ಲಿ ಕಾಯುತ್ತೆ" ಅಂದ. ನನ್ನ ಕಣ್ಣು ಮಾತ್ರ ಅದರ ಪಕ್ಕದ ಭಾರದ ಪೆಟ್ಟಿಗೆಯ ಮೇಲಿತ್ತು. ತೂಕ ಇದ್ದರೇನೇ ಇಸ್ತ್ರಿ ಕೂರುವುದು ಎಂಬ ಹಳೆಯ ನಂಬಿಕೆ ನನ್ನದು. "ಇದನ್ನೇ ಕೊಡಪ್ಪ" ಅಂದೆ.

ನನ್ನ ಹೆಂಡತಿ ಅದನ್ನೊಮ್ಮೆ ಎತ್ತಿ ಇಳಿಸಿದಳು. "ಅಲ್ಲಾ ರೀ, ಇಸ್ತ್ರಿ ಮಾಡೋರು ಯಾರು?" ಎಂದು ಕೇಳಿದಳು.

ನಾನು ಬಾಯಿ ಮುಚ್ಚಿಕೊಂಡೆ. ಅವಳ ಮಣಿಕಟ್ಟಿನ ನೋವಿಗೆ ಈಗ ನಾಲ್ಕು ವರ್ಷ. ಅದೇ ಎಡಗೈ ಮೇಲೆ ಒಂದು ಹಳೆಯ ಸುಟ್ಟ ಗಾಯದ ಕಲೆಯೂ ಇದೆ. ಅದರ ಕತೆಯನ್ನು ಪುಟ್ಟಿಗೆ ಅದುವರೆಗೂ ಹೇಳಿರಲಿಲ್ಲ. ಅಂಗಡಿಯಲ್ಲೇ ಹೇಳಿದೆ.

ಆಗ ನಾವು ವಠಾರದ ಬಾಡಿಗೆ ಮನೆಯಲ್ಲಿದ್ದೆವು. ಬ್ಯಾಂಕಿನಲ್ಲಿ ಸಿಕ್ಕ ಹಬ್ಬದ ಮುಂಗಡದಲ್ಲಿ ಮೊದಲ ಇಸ್ತ್ರಿ ಪೆಟ್ಟಿಗೆ ಕೊಂಡೆ. ಮನೆಗೆ ಬಂದು ನೋಡಿದರೆ ಪ್ಲಗ್ಗಿಗೆ ಮೂರು ಪಿನ್ನು, ಗೋಡೆಯಲ್ಲಿ ಎರಡೇ ತೂತು. ಎಲೆಕ್ಟ್ರಿಷಿಯನ್ನಿಗೆ ಯಾಕೆ ದುಡ್ಡು ದಂಡ ಎಂದು ಎರಡು ಪಿನ್ನಿನ ಪ್ಲಗ್ ತಂದೆ. ಕೆಂಪು, ಕಪ್ಪು ವೈರುಗಳನ್ನು ಸಿಕ್ಕಿಸಿ, ಹಸಿರು ವೈರನ್ನು ಕತ್ತರಿಸಿ ಬಿಟ್ಟೆ. ಇಸ್ತ್ರಿ ಚೆನ್ನಾಗಿಯೇ ಆಗುತ್ತಿತ್ತು. ಎರಡು ವರ್ಷ ಏನೂ ಆಗಲಿಲ್ಲ. ಒಂದು ಮಳೆಗಾಲದ ಬೆಳಿಗ್ಗೆ, ಒದ್ದೆ ನೆಲದ ಮೇಲೆ ನಿಂತು ನನ್ನ ಆಫೀಸಿನ ಶರಟಿಗೆ ಇಸ್ತ್ರಿ ಮಾಡುತ್ತಿದ್ದವಳು ಚೀರಿ ಬಿದ್ದಳು. ಕಾದ ಪೆಟ್ಟಿಗೆ ಕೈಯ ಮೇಲೆ ಬಿತ್ತು. ಒಳಗೆಲ್ಲೋ ವೈರು ಸವೆದು ಕರೆಂಟು ಲೋಹದ ಮೈಗೆ ಬಂದಿತ್ತು. ನಾನು ಕತ್ತರಿಸಿದ್ದ ಹಸಿರು ವೈರು ಇದ್ದಿದ್ದರೆ ಆ ಕರೆಂಟು ನೆಲಕ್ಕೆ ಹೋಗುತ್ತಿತ್ತು, ಫ್ಯೂಸು ಹಾರುತ್ತಿತ್ತು. ದಿನಾ ಪೈಸೆ ಪೈಸೆಗೂ ಲೆಕ್ಕ ತಾಳೆ ನೋಡುವ ಬಿಕಾಂ ಗುಮಾಸ್ತನ ಉಳಿತಾಯ ಇದು.

ಪುಟ್ಟಿ ಅಜ್ಜಿಯ ಕೈಯನ್ನೇ ನೋಡುತ್ತಿದ್ದಳು. ಆಮೇಲೆ ನಾವು ಬೆಲೆಯ ಚೀಟಿಯನ್ನು ಪಕ್ಕಕ್ಕಿಟ್ಟು, ಒಂದೊಂದಾಗಿ ಪರೀಕ್ಷೆ ಶುರುಮಾಡಿದೆವು.

ಮೊದಲನೆಯದು ಪ್ಲಗ್ಗು. ಮೂರು ಪಿನ್ನು ಇರಲೇಬೇಕು. ಮೇಲಿನ ಪಿನ್ನು ಉಳಿದೆರಡಕ್ಕಿಂತ ಉದ್ದ, ದಪ್ಪ. ಅದೇ ಅರ್ತ್ ಪಿನ್ನು. ಪ್ಲಗ್ ಹಾಕುವಾಗ ಎಲ್ಲಕ್ಕಿಂತ ಮೊದಲು ಕೂಡಿಕೊಳ್ಳಲಿ, ತೆಗೆಯುವಾಗ ಕೊನೆಗೆ ಬಿಡಲಿ ಎಂದೇ ಅದಕ್ಕೆ ಆ ಉದ್ದ. ಆದರೆ ಗೋಡೆಯಲ್ಲಿ ಮೂರು ತೂತು ಇದ್ದ ಮಾತ್ರಕ್ಕೆ ಹಿಂದೆ ಅರ್ತ್ ಇದೆ ಎಂದಲ್ಲ. ಹಳೆಯ ಮನೆಯಾದರೆ ಎಲೆಕ್ಟ್ರಿಷಿಯನ್ನನ್ನು ಕರೆಸಿ ಒಮ್ಮೆ ನೋಡಿಸಿ. ಆ ದುಡ್ಡು ದಂಡವಲ್ಲ.

ಎರಡನೆಯದು ಐಎಸ್‌ಐ ಗುರುತು. ಅದರ ಮೇಲೆ ಐಎಸ್ ಎಂದು ಶುರುವಾಗುವ ಸಂಖ್ಯೆ ಇರುತ್ತದೆ. ಅದು ವಿದ್ಯುತ್ ಇಸ್ತ್ರಿ ಪೆಟ್ಟಿಗೆಯ ಮಾನಕದ ಸಂಖ್ಯೆ. ಕೆಳಗೆ ಸಿಎಂ/ಎಲ್ ಎಂದು ಶುರುವಾಗುವ ಪರವಾನಗಿ ಸಂಖ್ಯೆ ಇರುತ್ತದೆ. ಪುಟ್ಟಿ ನನ್ನ ಫೋನಿನ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಆ ಸಂಖ್ಯೆ ಹೊಡೆದು ನೋಡಿದಳು. ಕಂಪನಿಯ ಹೆಸರು ಬಂತು. ಈ ಕೆಲಸ ನೀವೂ ನಿಮ್ಮ ಅಜ್ಜ ಅಜ್ಜಿಗೆ ಮಾಡಿಕೊಡಬಹುದು.

ಮೂರನೆಯದು ಬಿಸಿ ಹಿಡಿತದಲ್ಲಿಡುವ ಥರ್ಮೋಸ್ಟಾಟ್. ಒಳಗೆ ಎರಡು ಬೇರೆ ಲೋಹಗಳನ್ನು ಬೆಸೆದ ಒಂದು ಪಟ್ಟಿ ಇರುತ್ತದೆ. ಕಾದಾಗ ಒಂದು ಲೋಹ ಹೆಚ್ಚು ಹಿಗ್ಗುತ್ತದೆ, ಇನ್ನೊಂದು ಕಡಿಮೆ. ಪಟ್ಟಿ ಬಾಗುತ್ತದೆ, ಕರೆಂಟು ನಿಲ್ಲುತ್ತದೆ, ದೀಪ ಆರುತ್ತದೆ. ತಣಿದಾಗ ಮತ್ತೆ ನೆಟ್ಟಗಾಗಿ ದೀಪ ಹತ್ತುತ್ತದೆ. ನಮ್ಮ ಹಳೆಯದರಲ್ಲಿ ಕೆಟ್ಟಿದ್ದುದು ಇದೇ. ಅಂಗಡಿಯವನಿಗೆ ಹೇಳಿ ಪೆಟ್ಟಿಗೆ ಕಾಯಿಸಿ, ದೀಪ ಆರುವುದನ್ನು ನೋಡಿಯೇ ಕೊಳ್ಳಿ. ಗುಂಡಿಯ ಮೇಲೆ ಒಂದು ಚುಕ್ಕಿ ಇದ್ದರೆ ನೈಲಾನಿನಂಥ ಬಟ್ಟೆಗೆ, ಎರಡು ಚುಕ್ಕಿ ರೇಷ್ಮೆ, ಉಣ್ಣೆಗೆ, ಮೂರು ಚುಕ್ಕಿ ಹತ್ತಿಗೆ.

ನಾಲ್ಕನೆಯದು ವ್ಯಾಟ್. 1000 ವ್ಯಾಟಿನ ಪೆಟ್ಟಿಗೆ ಒಂದು ಗಂಟೆ ಬಿಡದೆ ಉರಿದರೆ ಒಂದು ಯೂನಿಟ್. ದೀಪ ಆಗಾಗ ಆರುವುದರಿಂದ ನಿಜವಾಗಿ ಅದಕ್ಕಿಂತ ಕಡಿಮೆಯೇ. ವ್ಯಾಟ್ ಹೆಚ್ಚಿದ್ದರೆ ಬೇಗ ಕಾಯುತ್ತದೆ. 2000 ವ್ಯಾಟಿನದಕ್ಕೆ 16 ಆಂಪಿಯರಿನ ದೊಡ್ಡ ಸಾಕೆಟ್ಟು ಬೇಕು. ನಮ್ಮ ರೂಮಿನಲ್ಲಿರುವುದು 6 ಆಂಪಿಯರಿನ ಚಿಕ್ಕದು.

ಸ್ಟೀಮ್ ಪೆಟ್ಟಿಗೆ ಒಳ್ಳೆಯದೇ. ಆದರೆ ನಮ್ಮದು ಬೋರ್‌ವೆಲ್ಲಿನ ಗಡಸು ನೀರು. ಪಾತ್ರೆಯ ತಳದಲ್ಲಿ ಕಟ್ಟುವ ಬಿಳಿ ಪದರ ಪೆಟ್ಟಿಗೆಯ ತೂತುಗಳಲ್ಲೂ ಕಟ್ಟುತ್ತದೆ. ಹತ್ತಿ ಬಟ್ಟೆಗೆ ನೀರು ಚಿಮುಕಿಸಿ, ಸುತ್ತಿ ಹತ್ತು ನಿಮಿಷ ಇಟ್ಟರೆ ಸಾದಾ ಪೆಟ್ಟಿಗೆಯಲ್ಲೇ ಸುಕ್ಕು ಹೋಗುತ್ತದೆ. ಬಿಸಿ, ತೇವ ಎರಡೂ ಸರಿಯಿದ್ದರೆ ಭಾರ ಅಷ್ಟಾಗಿ ಬೇಕಿಲ್ಲ ಎಂಬುದು ನನಗೂ ಆವತ್ತೇ ಗೊತ್ತಾದದ್ದು.

ಕೊನೆಗೆ ತೂಕ. ನನ್ನ ಹೆಂಡತಿ ಉಳಿದ ಪೆಟ್ಟಿಗೆಗಳನ್ನು ಒಂದೊಂದಾಗಿ ಎತ್ತಿ, ಮೇಜಿನ ಮೇಲೆ ಹತ್ತು ಸಲ ಆಚೆ ಈಚೆ ಆಡಿಸಿದಳು. ಹುಡುಗ ನಕ್ಕ. ನಗಲಿ ಬಿಡಿ, ದಿನಾ ಹಿಡಿಯುವ ಕೈ ಅವಳದು. ಕೊನೆಗೆ ಒಂದು ಕಿಲೋ ಆಸುಪಾಸಿನ, 1000 ವ್ಯಾಟಿನ, ಬಟ್ಟೆ ಅಂಟದ ತಳವಿರುವ ಸಾದಾ ಪೆಟ್ಟಿಗೆಯನ್ನು ಆರಿಸಿದಳು. ಬಿಲ್ಲು, ಗ್ಯಾರಂಟಿ ಕಾರ್ಡು ಜೋಪಾನ ಮಾಡುವ ಕೆಲಸ ನನ್ನದು.

ಈಗ ಭಾನುವಾರದ ಇಸ್ತ್ರಿಯೂ ನನ್ನ ಪಾಲಿಗೆ ಬಂದಿದೆ. ಪುಟ್ಟಿ ಪಕ್ಕದಲ್ಲಿ ನಿಂತು ಕಲಿಯುತ್ತಾಳೆ. ನಾವು ಮಾಡಿಕೊಂಡ ಕ್ರಮ ಇದು: ಕಾಲಿಗೆ ಒಣ ಚಪ್ಪಲಿ, ಕೈ ಒರೆಸಿಕೊಂಡೇ ಪ್ಲಗ್ ಮುಟ್ಟುವುದು. ಮೊದಲು ನೈಲಾನ್, ಆಮೇಲೆ ರೇಷ್ಮೆ, ಕೊನೆಗೆ ಹತ್ತಿ. ಸ್ವಿಚ್ ಆರಿಸಿದ ಮೇಲೆ ಉಳಿದ ಬಿಸಿಯಲ್ಲಿ ಕರವಸ್ತ್ರಗಳು. ವೈರನ್ನು ಬಿಸಿ ಪೆಟ್ಟಿಗೆಗೆ ಸುತ್ತಬಾರದು. ದೊಡ್ಡವರು ಪಕ್ಕದಲ್ಲಿಲ್ಲದೆ ಮಕ್ಕಳು ಇಸ್ತ್ರಿ ಮಾಡಬಾರದು.

ಮೊನ್ನೆ ಪುಟ್ಟಿ ಗೆಳತಿಯ ಮನೆಗೆ ಹೋಗಿದ್ದಳು. ಬಂದವಳೇ ಹೇಳಿದಳು: "ತಾತ, ಅವರ ಮನೆ ಇಸ್ತ್ರಿ ಪೆಟ್ಟಿಗೆಗೆ ಎರಡೇ ಪಿನ್ನು. ಆಂಟಿಗೆ ಅಜ್ಜಿ ಕೈ ಕತೆ ಹೇಳಿ ಬಂದೆ."

ಹೇಳಿದ್ದು ಒಳ್ಳೆಯದಾಯಿತು ಅಂದೆ. ಅದರಲ್ಲಿ ತಪ್ಪು ಯಾರದೆಂದೂ ಹೇಳಿದೆಯಾ ಎಂದು ಮಾತ್ರ ನಾನು ಕೇಳಲಿಲ್ಲ.